ಬಂಪರಿನ ಎರಡು ಕರಿ ಡಬ್ಬಿಗಳು

ನಾನು ಹುಟ್ಟಾ ಪುಕ್ಕಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಖಾಕಿ ಬಟ್ಟೆ ಕಂಡರೆ ಸಾಕು, ತೊಟ್ಟವನು ಪೋಸ್ಟ್‌ಮ್ಯಾನ್ ಆಗಿದ್ದರೂ ಸರಿ, ಜೇಬಿನಲ್ಲಿ ಲೈಸೆನ್ಸ್ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಇಂಥವನು ಕಾರನ್ನು ಮಾತ್ರ ನೂರಮೂವತ್ತರಲ್ಲಿ ಓಡಿಸುತ್ತಿದ್ದೆ. ಅದೂ ಹೆದರಿಕೆಯಿಂದಲೇ. ಹೊಸಕೋಟೆ ಹತ್ತಿರದ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಕೀಪರ್. ಬೆಳಿಗ್ಗೆ ಏಳೂವರೆಯೊಳಗೆ ಗೇಟಿನ ಮೆಷಿನ್ನಿಗೆ ಹೆಬ್ಬೆರಳು ಒತ್ತದಿದ್ದರೆ ಮ್ಯಾನೇಜರು ಎಲ್ಲರೆದುರು ಕರೆದು ನಿಲ್ಲಿಸಿಕೊಳ್ಳುತ್ತಿದ್ದರು. ಆ ಹೆದರಿಕೆಗೆ ವೇಗ, ವೇಗಕ್ಕೆ ಪೊಲೀಸರ ಹೆದರಿಕೆ, ಹೀಗೆ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ನನ್ನ ದಿನ ಶುರುವಾಗುತ್ತಿತ್ತು.

ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಒಳಗೆ ಹೋದರೆ ನಮ್ಮೂರು. ಮೊದಲೆಲ್ಲ ನಾನು ಮಾರಿಕುಪ್ಪಂ ರೈಲಿಗೆ ಬಂಗಾರಪೇಟೆಯಲ್ಲಿ ಹತ್ತಿ ಹೋಗುತ್ತಿದ್ದವನು. ಹೊಸ ಎಕ್ಸ್‌ಪ್ರೆಸ್ ರಸ್ತೆ ಆದ ಮೇಲೆ, ಅದರ ನುಣುಪು ನೋಡಿ ಬುದ್ಧಿ ಕೆಟ್ಟು, ಹಳೇ ಕಾರೊಂದನ್ನು ತೆಗೆದುಕೊಂಡೆ. ಅಲ್ಲಿ ಮೇಲ್ಸೇತುವೆಗಳ ನೆರಳಿನಲ್ಲಿ ಪೊಲೀಸರು ಮುಕ್ಕಾಲಿಯ ಮೇಲೆ ಒಂದು ಗನ್ ಇಟ್ಟುಕೊಂಡು ನಿಂತಿರುತ್ತಾರೆ. ಗುಂಡು ಹಾರಿಸುವ ಗನ್ ಅಲ್ಲ, ಕಣ್ಣಿಗೆ ಕಾಣದ ಲೇಸರ್ ಬೆಳಕು ಬಿಡುವ ಗನ್. ಆ ಬೆಳಕು ಕಾರಿಗೆ ಬಡಿದು ವಾಪಸ್ ಹೋಗುವಷ್ಟರಲ್ಲಿ ನಮ್ಮ ವೇಗ ಅವರ ಕೈಯಲ್ಲಿ. ನಾನು ಎರಡು ಸಲ ಸಿಕ್ಕಿಬಿದ್ದೆ. ಎರಡನೆಯ ಸಲ ಸಬ್ ಇನ್‌ಸ್ಪೆಕ್ಟರ್ ನನ್ನ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇನ್ನೊಂದು ಸಲ ಸಿಕ್ಕರೆ ಸಸ್ಪೆಂಡ್ ಮಾಡೋಕೆ ಬರೀತೀನಿ ಎಂದರು. ಜೋರಾಗಿ ಏನೂ ಹೇಳಲಿಲ್ಲ, ಆದರೂ ಅವತ್ತು ಕಾರ್ಖಾನೆ ಮುಟ್ಟುವವರೆಗೂ ಒಂದು ಲಾರಿಯ ಹಿಂದೆಯೇ ಹೋದೆ.

ನಿಧಾನವಾಗಿ ಓಡಿಸಬಹುದಿತ್ತು. ಕಾಲು ಗಂಟೆ ಮುಂಚೆ ಎದ್ದಿದ್ದರೆ ಮುಗಿದುಹೋಗುತ್ತಿತ್ತು. ಈಗ ಯಾರಾದರೂ ಹಾಗೆಂದರೆ ಸುಮ್ಮನೆ ತಲೆ ತಗ್ಗಿಸುತ್ತೇನೆ. ಆಗ ಮಾತ್ರ ನಾನು ಹೋಗಿ ನಿಂತಿದ್ದು ರಾಬರ್ಟ್‌ಸನ್‌ಪೇಟೆಯಲ್ಲಿ ಕಾರಿನ ಅಲಂಕಾರದ ಸಾಮಾನು ಮಾರುವ ಒಂದು ಅಂಗಡಿಯ ಮುಂದೆ. ಅಂಗಡಿಯವನು ಮೂರು ಭಾಷೆಯನ್ನೂ ಒಂದೇ ಉಸಿರಿಗೆ ಕಲಸಿ ಮಾತಾಡುವ ಆಸಾಮಿ. ನಾನು ತಡವರಿಸುತ್ತ ಕೇಳಿದ್ದಕ್ಕೆ ಅವನು ಶಟರಿನ ಕಡೆ ಒಮ್ಮೆ ನೋಡಿ, ಕೆಳಗಿನ ಡ್ರಾ ಎಳೆದ.

"ಅಣ್ಣಾ, ರೇಡಾರ್‌ದು ಕೇಳ್ಬೇಡ, ನಾ ಇಡಲ್ಲ. ಅದು ಅಲೆ ಬಿಡ್ತದೆ, ಗೌರ್ಮೆಂಟು ಇಡ್ಕೊಂತದೆ. ಇದು ಲೇಸರ್‌ದು, ಬರೀ ಲೈಟು. ಅವ್ರು ಗನ್ನಿಂದ ಕಾರ್‌ಗೆ ಲೈಟ್ ಒಡೆದ್ರೆ ಇದು ತನ್ ಲೈಟ್ ಬಿಟ್ಟು ಕಲ್ಸಾಕ್ತದೆ. ಅವ್ರ ಮೆಷಿನ್ನಲ್ಲಿ ನಂಬರೇ ಬರಲ್ಲ. ಒಳಗ್ ಕೂತಿರೋ ನಿಂಗೆ ಬೀಪ್ ಅಂತದೆ, ತಕ್ಷಣ ಸ್ಪೀಡ್ ಇಳ್ಸು."

"ಇದು ಕಾನೂನು ಪ್ರಕಾರ..." ಎಂದೆ.

"ಯಾರಾನಾ ಕೇಳಿದ್ರೆ ಪಾರ್ಕಿಂಗ್ ಸೆನ್ಸಾರ್ ಅನ್ನು. ಡಬ್ಬಿ ಮ್ಯಾಲೂ ಅಂಗೇ ಬರ್ದೈತೆ ನೋಡು."

ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಕರಿ ಡಬ್ಬಿಗಳು. ನಂಬರ್ ಪ್ಲೇಟಿನ ಎರಡೂ ಪಕ್ಕಕ್ಕೆ ಬಂಪರಿನಲ್ಲಿ ಸ್ಕ್ರೂ ಹಾಕಿ ಕೂರಿಸಿದ. ಸ್ಟೀರಿಂಗಿನ ಕೆಳಗೆ, ಯಾರಿಗೂ ಕಾಣದಂತೆ, ಒಂದು ಸಣ್ಣ ಬಟನ್ ಇಟ್ಟ. ಸ್ಪೀಕರ್ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕೆನಿಸಿದಾಗ ಒತ್ತಿದರೆ ಬೀಪ್ ಅನ್ನುತ್ತದೆ, ಅಷ್ಟಕ್ಕೇ ಅದು.

ಹಾಕಿಸಿಕೊಂಡ ಮೇಲೆ ಹೆದರಿಕೆ ಕಡಿಮೆಯಾಗಬೇಕಿತ್ತು. ದುಪ್ಪಟ್ಟಾಯಿತು. ದಾರಿಯಲ್ಲಿ ಎದುರಿಗೆ ಬರುವ, ತಾನೇ ಲೇಸರ್ ಬಿಡುವ ಯಾವುದೋ ಹೊಸ ಕಾರಿಗೂ ಅದು ಬೀಪ್ ಅನ್ನುತ್ತಿತ್ತು, ನಾನು ಕನ್ನಡಿಯಲ್ಲಿ ಖಾಕಿ ಹುಡುಕುತ್ತಿದ್ದೆ. ಒಂದು ಸಲ ನಿಜಕ್ಕೂ ಸೇತುವೆ ಕೆಳಗೆ ಗನ್ ಇತ್ತು. ಡಬ್ಬಿ ಕೂಗಿತು, ನಾನು ಬ್ರೇಕ್ ಒತ್ತಿದೆ, ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಡಬ್ಬಿ ಕಾಪಾಡಿತೋ, ಅವರು ಟೀ ಕುಡಿಯುತ್ತಿದ್ದರೋ, ಇವತ್ತಿಗೂ ಗೊತ್ತಿಲ್ಲ. ಟೋಲ್ ಗೇಟಿನಲ್ಲಿ ಯಾವನಾದರೂ ಬಂಪರಿನ ಕಡೆ ಬಗ್ಗಿದರೆ ಪಾರ್ಕಿಂಗ್ ಸೆನ್ಸಾರ್ ಎನ್ನಲು ಕಿಟಕಿ ಇಳಿಸಿಕೊಳ್ಳುತ್ತಿದ್ದೆ.

ರೈಲಿನ ದಿನಗಳಿಂದ ಪರಿಚಯವಿದ್ದ ವಕೀಲರೊಬ್ಬರು ಊರಿಗಾಂನಲ್ಲಿದ್ದಾರೆ. ಒಂದು ಭಾನುವಾರ ಬಂಗಾರಪೇಟೆ ಸ್ಟೇಷನ್ ಹತ್ತಿರ ಸಿಕ್ಕಾಗ, ಫ್ರೆಂಡ್ ಒಬ್ಬ ಹಾಕಿಸಿದ್ದಾನೆ ಸಾರ್ ಎಂದು ಶುರು ಮಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು.

"ರೇಡಾರ್ ಜಾಮರ್ ಅಂದ್ರೆ ಪರ್ಮಿಶನ್ ಇಲ್ಲದೆ ರೇಡಿಯೋ ಅಲೆ ಬಿಡೋದು. ಅದು ನೇರವಾಗಿ ಅಪರಾಧ, ವಾದಕ್ಕೇ ಜಾಗ ಇಲ್ಲ. ಲೇಸರ್‌ದು ಬೆಳಕು. ಅದರ ಹೆಸರು ಹಿಡಿದು ಬರೆದಿರೋ ಕಾಯ್ದೆ ನಾನಂತೂ ನೋಡಿಲ್ಲ. ಆದ್ರೆ ಡ್ಯೂಟಿಲಿರೋ ಪೊಲೀಸರಿಗೆ ಅಡ್ಡಿ ಮಾಡಿದ್ದು ಅಂತ ಹಾಕಬಹುದಲ್ಲ. ನಾನೇ ಆ ಕಡೆ ವಕೀಲ ಆಗಿದ್ರೆ ಅದನ್ನೇ ಹಾಕ್ತಿದ್ದೆ. ಅಕಸ್ಮಾತ್ ಆ ಗಾಡಿಯಿಂದ ಯಾರಿಗಾದ್ರೂ ಪೆಟ್ಟಾದ್ರೆ ಮೊದಲು ಕಾಣೋದೇ ಆ ಡಬ್ಬಿ. ಬಿಚ್ಚಿಸು ಅಂತ ಹೇಳಿ ನಿಮ್ಮ ಫ್ರೆಂಡ್‌ಗೆ."

ಹೇಳ್ತೀನಿ ಸಾರ್ ಎಂದೆ. ಬಿಚ್ಚಿಸಲಿಲ್ಲ.

ಮನೆಯಲ್ಲಿ ಇರುವವರು ಮೂವರು: ನಾನು, ನನ್ನ ಹೆಂಡತಿ, ನನ್ನ ತಾಯಿ. ಹಿಂದಿನ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ನಮ್ಮ ಬೆಳಗಿಗೆ ಒಂದು ಕ್ರಮವಿತ್ತು. ಅಮ್ಮ ಹಾಲು ಕರೆದು ಮುಂದಿನ ಅಂಗಳಕ್ಕೆ ಹೋಗುವಳು. ನಾನು ಸ್ನಾನ ಮಾಡುವಷ್ಟರಲ್ಲಿ ಹೆಂಡತಿ ಹಾಲಿನ ಕ್ಯಾನನ್ನು ಡಿಕ್ಕಿಯಲ್ಲಿಟ್ಟು, ಕೊಟ್ಟಿಗೆ ಪಕ್ಕದ ಶೀಟಿನ ಕೆಳಗಿಂದ ಕಾರನ್ನು ಓಣಿಯಲ್ಲಿ ತಂದು ಜಗುಲಿ ಮುಂದೆ ನಿಲ್ಲಿಸುವಳು. ನಾನು ಹೋಗುತ್ತ ಕ್ಯಾನನ್ನು ಡೈರಿಗೆ ಕೊಟ್ಟು ಹಾಗೇ ಹೊರಟುಬಿಡುತ್ತಿದ್ದೆ. ಇದರಲ್ಲಿ ನನಗೆ ಐದು ನಿಮಿಷ ಉಳಿಯುತ್ತಿತ್ತು. ಅದಕ್ಕೆಂದೇ ಅವಳು ಊರಿಗಾಂನ ಬಯಲಿನಲ್ಲಿ ಒಂದು ತಿಂಗಳು ಡ್ರೈವಿಂಗ್ ಕಲಿತಳು. ಗಟ್ಟಿಗಿತ್ತಿ, ಆದರೆ ಗಿಡ್ಡಿ. ಬಾನೆಟ್ಟಿನ ಮುಂದೆ ಏನಿದೆಯೆಂದು ಕಾಣದೆ ಅವಳಿಗೆ ಸದಾ ದಿಗಿಲು. ಹಾಗಾಗಿ ಅಮ್ಮ ದಿನಾ ಜಗುಲಿ ಹತ್ತಿರ ನಿಂತು, "ಬರ್ಲಿ, ಬರ್ಲಿ, ಇನ್ನೊಸಿ, ಸಾಕು" ಎಂದು ಕೈ ಎತ್ತುತ್ತಿದ್ದಳು. ಬಸ್ಸಿನ ಕಂಡಕ್ಟರಮ್ಮ ಅಂತ ನಾವು ರೇಗಿಸುತ್ತಿದ್ದೆವು.

ಡಬ್ಬಿಗಳು ಹೆಂಡತಿಯ ಕಣ್ಣಿಗೆ ಬಿದ್ದದ್ದು ಕಾರು ತೊಳೆಯುವಾಗ. ಇವೇನು ಎಂದಳು. ಅವಳ ಅಣ್ಣ ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಅವಳಿಗೆ ಹೇಳುವುದೂ ಒಂದೇ, ಸ್ಟೇಷನ್ನಿಗೆ ಹೋಗಿ ಹೇಳುವುದೂ ಒಂದೇ ಅನ್ನಿಸಿತು. ನಾಲಿಗೆಯ ತುದಿಗೆ ಅಂಗಡಿಯವನ ಮಾತು ಬಂತು.

"ಪಾರ್ಕಿಂಗ್ ಸೆನ್ಸಾರ್. ಮುಂದೆ ಏನಾದ್ರೂ ಅಡ್ಡ ಇದ್ರೆ ಕೂಗುತ್ತೆ."

ಅಲ್ಲಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ಅವಳು ಕೂಗಿಸಿ ತೋರಿಸಿ ಎಂದಳು. ಅಮ್ಮನಿಗೂ ಕುತೂಹಲ, ಕಸಪೊರಕೆ ಹಿಡಿದೇ ಕಾರಿನ ಮುಂದೆ ಬಂದು ನಿಂತಳು. ನಾನು ಸೀಟಿನಲ್ಲಿ ಕೂತು ಸ್ಟೀರಿಂಗ್ ಕೆಳಗಿನ ಬಟನ್ ಒತ್ತಿದೆ. ಬೀಪ್. ಅಮ್ಮ ಪಕ್ಕಕ್ಕೆ ಸರಿದಳು, ಬೆರಳು ತೆಗೆದೆ. ಮತ್ತೆ ಮುಂದೆ ಬಂದಳು, ಮತ್ತೆ ಒತ್ತಿದೆ. ನಾಲ್ಕೈದು ಸಲ ಆ ಕಡೆ ಈ ಕಡೆ ಕುಣಿದಂತೆ ಓಡಾಡಿ ಅಮ್ಮ ನಗುತ್ತ ಸುಸ್ತಾದಳು.

"ಇದಕ್ಕೆ ಕಣ್ಣೈತೆ ಕಣ್ಲಾ. ನನ್ನೇ ನೋಡ್ತದೆ."

ನನಗೂ ನಗು ಬಂತು. ಸುಳ್ಳು ಇಷ್ಟು ಸಲೀಸಾಗಿ ನಿಂತುಕೊಂಡಿತಲ್ಲ ಎಂಬ ಖುಷಿ ಬೇರೆ.

ಮಾರನೆಯ ದಿನದಿಂದ ಅಮ್ಮ ಕೈ ಎತ್ತಿ ನಿಲ್ಲುವುದನ್ನು ಬಿಟ್ಟಳು. ಸ್ನಾನದ ಮನೆಯ ಕಿಂಡಿಯಿಂದ ಅದನ್ನು ನಾನು ನೋಡಿದೆ. ಹೇಳಿಬಿಡಬೇಕು ಅಂದುಕೊಂಡೆ, ಸಂಜೆ ಹೇಳೋಣ ಎಂದು ಹೊರಟೆ. ಒಂದು ವಾರ ಕಳೆದ ಮೇಲೆ ಹೆಂಡತಿ, ಜಗುಲಿ ಹತ್ತಿರ ಹೋದರೂ ಅದು ಕೂಗಲ್ಲವಲ್ಲ ಎಂದಳು. "ಕಲ್ಲು ಮಣ್ಣಿಗೆಲ್ಲ ಕೂಗಲ್ಲ, ಜೀವ ಇರೋದಕ್ಕೆ ಮಾತ್ರ" ಎಂದೆ. ಇನ್ನೊಂದು ದಿನ ಕೋಳಿ ಅಡ್ಡ ಬಂದರೂ ಕೂಗಲಿಲ್ಲವಂತೆ. "ಕೋಳಿ ಚಿಕ್ಕದು" ಎಂದೆ. ಅವಳು ಒಪ್ಪಿಕೊಂಡಳು. ಗಂಡ ಕಾರ್ಖಾನೆಯಲ್ಲಿ ಮೆಷಿನ್ನುಗಳ ನಡುವೆ ಇರುವವನು, ಗೊತ್ತಿರುತ್ತದೆ ಎಂದುಕೊಂಡಿರಬೇಕು. ಒಂದೊಂದು ಸುಳ್ಳು ಹೇಳಿದ ದಿನವೂ ಸ್ನಾನದ ಮನೆಯಲ್ಲಿ ನಿಂತು ಕಾರಿನ ಸದ್ದು ನಿಲ್ಲುವವರೆಗೆ ಉಸಿರು ಹಿಡಿದಿರುತ್ತಿದ್ದೆ. ನಿಂತ ಮೇಲೆ ತಲೆಗೆ ನೀರು ಸುರಿದುಕೊಳ್ಳುತ್ತಿದ್ದೆ.

ಆಮೇಲೆ ಧನುರ್ಮಾಸ ಬಂತು. ನಮ್ಮ ಕಡೆ ಆ ತಿಂಗಳಿಡೀ ಹೆಂಗಸರು ನಸುಕಿನಲ್ಲೇ ಅಂಗಳ ಸಾರಿಸಿ, ದೊಡ್ಡದಾಗಿ ರಂಗೋಲಿ ಹಾಕಿ, ಅದರ ನಡುವೆ ಸಗಣಿ ಉಂಡೆ ಇಟ್ಟು ನೆತ್ತಿಗೆ ಕುಂಬಳದ ಹೂ ಸಿಕ್ಕಿಸುತ್ತಾರೆ. ನಿಂತು ಮಾಡುವ ಕೆಲಸವಲ್ಲ, ಕುಕ್ಕರುಗಾಲಲ್ಲಿ ಕೂತು ಮಾಡಬೇಕು. ಆ ದಿನ ಮಂಜು ಎಷ್ಟಿತ್ತೆಂದರೆ ಕಿಂಡಿಯಿಂದ ನನಗೆ ಅಂಗಳವೇ ಕಾಣಲಿಲ್ಲ. ಕಾರಿನ ಸದ್ದು ಓಣಿಯಲ್ಲಿ ಬಂತು, ನಿಧಾನವಾಗಿಯೇ ಬಂತು. ನಾನು ಎಂದಿನಂತೆ ಉಸಿರು ಹಿಡಿದೆ. ಸದ್ದು ನಿಲ್ಲಲಿಲ್ಲ. ಅದರ ಬದಲು ಅಮ್ಮನ ದನಿ ಬಂತು. ಮಾತಲ್ಲ, ಬರೀ ದನಿ.

ಒದ್ದೆ ಮೈಯಲ್ಲಿ ಟವಲ್ ಸುತ್ತಿಕೊಂಡು ಓಡಿದೆ. ಹೆಂಡತಿ ಆಗಲೇ ಕಾರನ್ನು ಹಿಂದಕ್ಕೆ ತೆಗೆದು ಇಳಿದಿದ್ದಳು. ಅಮ್ಮ ರಂಗೋಲಿಯ ಮೇಲೆ ಒಂದು ಪಕ್ಕಕ್ಕೆ ಬಿದ್ದಿದ್ದಳು. ಬಲಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು. ಸೀರೆಯ ಅಂಚಿನಲ್ಲಿ ರಕ್ತ ಹಬ್ಬುತ್ತಿತ್ತು. ಅಮ್ಮ ನನ್ನನ್ನು ನೋಡಿದಳು.

"ಕೂಗ್ಲಿಲ್ಲ ಕಣ್ಲಾ ಅದು. ಕೂಗ್ತದೆ, ಎದ್ದರಾಯ್ತು ಅಂತ ಕೂತಿದ್ದೆ."

ಇನ್ನು ಹೇಳಬೇಕಾದ್ದು ನನಗೆ ಕಷ್ಟ, ಆದರೆ ಇದನ್ನು ಬಿಟ್ಟರೆ ಇಷ್ಟು ಬರೆದದ್ದೇ ದಂಡ. ಹೆಂಡತಿ ತನ್ನ ಸೆರಗು ಹರಿದು ಅಮ್ಮನ ಕಾಲಿಗೆ ಸುತ್ತುತ್ತಿದ್ದಳು. "ಕಾರು ತಿರುಗಿಸ್ರಿ, ಬೇಗ" ಎಂದಳು. ನಾನು ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡೆ, ಸ್ಕ್ರೂ ಡ್ರೈವರ್ ಹಿಡಿದುಕೊಂಡು ಬಂದೆ. ವಕೀಲರ ಮಾತು ತಲೆಯಲ್ಲಿ ಓಡುತ್ತಿತ್ತು. ಆಸ್ಪತ್ರೆಯವರು ಪೊಲೀಸರಿಗೆ ಹೇಳುತ್ತಾರೆ, ಪೊಲೀಸರು ಕಾರು ನೋಡುತ್ತಾರೆ, ಮೊದಲು ಕಾಣುವುದೇ ಆ ಡಬ್ಬಿ. ಬಂಪರಿನ ಮುಂದೆ ಮಂಡಿಯೂರಿದೆ. ಎಡಗಡೆಯದು ಬಂತು. ಬಲಗಡೆಯ ಒಂದು ಸ್ಕ್ರೂ ತುಕ್ಕು ಹಿಡಿದಿತ್ತು, ಸ್ಕ್ರೂ ಡ್ರೈವರ್ ಜಾರಿ ಜಾರಿ ಹೋಗುತ್ತಿತ್ತು. ನನ್ನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ಅಮ್ಮ ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಕೊನೆಗೆ ಡಬ್ಬಿಯನ್ನು ಮುರಿದೇ ಕಿತ್ತೆ. ಎರಡನ್ನೂ ಬಣವೆಯ ರಾಗಿ ಹುಲ್ಲಿನೊಳಗೆ ತೋಳುದ್ದ ತುರುಕಿ ಬಂದೆ. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳಿಗೆ ಗೊತ್ತಿರುತ್ತದೆ.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದರು. ಹೆಂಡತಿ ಬಾಯಿ ತೆರೆಯುವ ಮೊದಲೇ ಅಮ್ಮ, "ಅಸು ತಳ್ತು ಸಾಮಿ, ಕಲ್ ಮ್ಯಾಲೆ ಬಿದ್ದೆ" ಎಂದಳು. ಕಾನ್‌ಸ್ಟೇಬಲ್ ಒಬ್ಬರು ಬಂದು ಕೇಳಿದಾಗಲೂ ಅದೇ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ, ಆದರೂ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಂಡು ಹೋದರು. ಸೊಸೆಯನ್ನು ಉಳಿಸಲು ಆಕೆ ಸುಳ್ಳು ಹೇಳಿದ್ದು. ಉಳಿದವನು ನಾನು. ಕಾನ್‌ಸ್ಟೇಬಲ್ ಮೆಟ್ಟಿಲು ಇಳಿದದ್ದೇ ನನ್ನ ಮೈ ಹಗುರಾಯಿತು. ಆ ಹಗುರವನ್ನು ನೆನೆದರೆ ಈಗಲೂ ನನ್ನ ಬಗ್ಗೆ ನನಗೇ ಅಸಹ್ಯ.

ಕಾಲಿಗೆ ರಾಡ್ ಹಾಕಿದರು. ನಂಜಾದರೆ ಕಾಲೇ ಹೋಗಬಹುದು ಎಂದು ಎರಡು ದಿನ ಹೆದರಿಸಿ, ಮೂರನೇ ದಿನ ಪರವಾಗಿಲ್ಲ ಎಂದರು. ಮನೆಗೆ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದೆವು. ಹೆಂಡತಿ ಕಾರಿನ ಕೀಲಿಯನ್ನು ಮೊಳೆಗೆ ತಗುಲಿಹಾಕಿದವಳು ಮತ್ತೆ ಮುಟ್ಟಲಿಲ್ಲ. ನೋಡಲು ಬಂದವರಿಗೆಲ್ಲ ಅಮ್ಮ ಹಸುವಿನ ಕತೆ ಹೇಳುವಳು. ಅವರು ಎದ್ದು ಹೋದ ಮೇಲೆ ಹೆಂಡತಿ ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿ ನಿಂತಿರುವಳು. "ನಾನೇ ಬಗ್ಗಿ ನೋಡ್ಬೇಕಿತ್ತು. ಮೆಷಿನ್ ಕೂಗುತ್ತೆ ಅಂತ ನಂಬಿಕೊಂಡು ಕಾಲು ಬ್ರೇಕ್ ಮೇಲೆ ಇಟ್ಟೇ ಇರಲಿಲ್ಲ" ಎಂದು ಒಂದು ದಿನ ನನಗೆ ಹೇಳಿದಳು. ಮಂಜು ಇತ್ತಲ್ಲ, ಸೆನ್ಸಾರಿಗೆ ಕಾಣಿಸಿರಲ್ಲ ಬಿಡು ಎಂದು ಸಮಾಧಾನ ಮಾಡಿದೆ. ಅವಳು ನಾನು ಹೇಳಿದ್ದನ್ನು ನಂಬಲಿ ಎಂದೇ ನನ್ನ ಆಸೆ. ನಂಬದಿದ್ದರೆ ಏನಾದೀತು ಎಂಬ ಭಯದಲ್ಲಿ ಅವಳ ಹೆಜ್ಜೆ ಸದ್ದಿಗೂ ಬೆಚ್ಚುತ್ತಿದ್ದೆ. ಡಬ್ಬಿಗಳನ್ನು ಬಣವೆಯಿಂದ ತೆಗೆದು ಎಲ್ಲಾದರೂ ಎಸೆಯಬೇಕೆಂದು ದಿನಾ ಅಂದುಕೊಳ್ಳುವೆ. ಹಗಲು ಜನ, ಕತ್ತಲಾದರೆ ಧೈರ್ಯವಿಲ್ಲ.

ಹನ್ನೊಂದನೆಯ ದಿನ ಭಾನುವಾರ. ಮಧ್ಯಾಹ್ನ ನಾನು ನಡುಮನೆಯಲ್ಲಿ ಊಟಕ್ಕೆ ಕೂತಿದ್ದೆ, ಅಮ್ಮ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಹೆಂಡತಿ ಹಸುಗಳಿಗೆ ಹುಲ್ಲು ಹಾಕಲು ಹೋಗಿದ್ದವಳು ಒಳಗೆ ಬಂದು, ತಲೆಯ ಮೇಲಿನ ಹುಲ್ಲುಕಡ್ಡಿಯನ್ನೂ ತೆಗೆಯದೆ, ಎರಡು ಡಬ್ಬಿಗಳನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಒಂದು ಮುರಿದದ್ದು.

"ಅತ್ತೆ ಅಂಗ್ ಬಿದ್ದಿರ್ಬೇಕಾದ್ರೆ ನೀವು ಕಾರಿನ ಮುಂದೆ ಕೂತು ಏನೋ ಬಿಚ್ತಿದ್ರಿ. ಅತ್ತೆನ ಎತ್ತಾಕೋದಕ್ಕೆ ಏನೋ ರೆಡಿ ಮಾಡ್ತವ್ರೆ ಅಂದ್ಕೊಂಡಿದ್ದೆ. ಪಾರ್ಕಿಂಗ್ ಸೆನ್ಸಾರ್ ಆದ್ರೆ ಅದನ್ಯಾಕೆ ಬಚ್ಚಿಟ್ರಿ?"

ಬಾಯಿಯಲ್ಲಿ ಮುದ್ದೆಯ ತುತ್ತು ಇತ್ತು. ಇನ್ನೊಂದು ಸುಳ್ಳು ಹುಡುಕಿದೆ. ನನ್ನ ಆಣೆಗೂ ಹುಡುಕಿದೆ. ಸಿಗಲಿಲ್ಲ. ತುತ್ತು ನುಂಗಿ ಹೇಳಿದೆ. ಲೇಸರ್ ಗನ್ ಹೇಳಿದೆ, ಅಂಗಡಿ ಹೇಳಿದೆ, ಸ್ಟೀರಿಂಗ್ ಕೆಳಗಿನ ಬಟನ್ ಹೇಳಿದೆ. ಜೀವ ಇದ್ದದ್ದಕ್ಕೆ ಮಾತ್ರ ಕೂಗುತ್ತೆ ಅಂದದ್ದೂ ನಾನೇ ಕಟ್ಟಿದ್ದು ಎಂದೆ. ಅವಳು ಅಳುತ್ತಾಳೆ, ಬೈಯುತ್ತಾಳೆ, ಅವಳ ಅಣ್ಣನಿಗೆ ಫೋನ್ ಮಾಡುತ್ತಾಳೆ ಎಂದು ಕಾದೆ. ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು.

ಅಮ್ಮ ಮಲಗಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಾಲಿನ ಬಗ್ಗೆ ಏನಾದರೂ ಅನ್ನುತ್ತಾಳೆ, ನಾನು ಕೈ ಮುಗಿದು ಕಾಲು ಹಿಡಿದರಾಯಿತು ಎಂದುಕೊಂಡೆ. ಆಕೆ ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಸೊಸೆಯ ಕಡೆ ಒಮ್ಮೆ ನೋಡಿದಳು, ಆಮೇಲೆ ನನ್ನ ತಟ್ಟೆಯ ಕಡೆ.

"ಅನ್ನೊಂದ್ ದಿನ ಆಯ್ತು. ಅವ್ಳು ಎರಡು ತುತ್ತು ನೆಟ್ಟಗೆ ಉಂಡಿಲ್ಲ. ನೀನು ಎದ್ರಿಗೇ ಕೂತ್ಕೊಂಡು ಉಣ್ತಿದ್ದೆಯಲ್ಲೋ."